ಲಿನಕ್ಸ್ ತನ್ನ ಹಳೆಯ ಫೈಲ್‌ಸಿಸ್ಟಂಗಳನ್ನು ಯಾಕೆ ತೆಗೆಯುತ್ತದೆ?

2025ರ ಜನವರಿಯಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ 6.13ನೇ ಆವೃತ್ತಿ ಬಂತು. ಅದರಲ್ಲಿ ಹೊಸದಾಗಿ ಏನು ಸೇರಿತು ಎನ್ನುವುದಕ್ಕಿಂತ ಏನು ಹೋಯಿತು ಎಂದೇ ನನ್ನನ್ನು ಜಾಸ್ತಿ ಜನ ಕೇಳಿದರು. ರೈಸರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂನ (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಏರ್ಪಾಡಿನ) ಸುಮಾರು 32,800 ಸಾಲು ಕೋಡನ್ನು ಕರ್ನಲ್‌ನಿಂದ ತೆಗೆದುಹಾಕಿದ್ದರು. ಆ ಫೈಲ್‌ಸಿಸ್ಟಂ ಇರುವ ಡಿಸ್ಕನ್ನು ಈಗ ಹೊಸ ಕರ್ನಲ್ಲಿಗೆ ಜೋಡಿಸಿದರೆ ಅದರೊಳಗೆ ಏನಿದೆ ಎಂದು ಓದಲು ಅದಕ್ಕೆ ಬರುವುದಿಲ್ಲ.

ಕೇಳಿದವರಲ್ಲಿ ಹೆಚ್ಚಿನವರು ಮುಂಬೈ, ಡೊಂಬಿವಲಿ, ಪುಣೆ ಕಡೆಯ ನಮ್ಮ ಕನ್ನಡದವರೇ. ಅದಕ್ಕೆ ಕಾರಣವೂ ಇದೆ. ಇಪ್ಪತ್ತು ವರ್ಷದ ಹಿಂದೆ ಇಲ್ಲಿನ ಸಣ್ಣ ಪ್ರೆಸ್ಸು, ಡಿಟಿಪಿ ಅಂಗಡಿ, ಲೆಕ್ಕಪತ್ರ ನೋಡುವ ಆಫೀಸುಗಳಲ್ಲಿ ಮೂಲೆಯಲ್ಲೊಂದು ಲಿನಕ್ಸ್ ಸರ್ವರ್ ಇರುವುದು ಹೊಸದೇನಲ್ಲ. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ವಿಂಡೋಸ್, ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಅಕ್ಷರಕ್ಕೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ. ಫೈಲುಗಳು ಮಾತ್ರ ಸಾಂಬಾ ಎಂಬ ಪ್ರೋಗ್ರಾಂ ಮೂಲಕ ಆ ಮೂಲೆಯ ಪೆಟ್ಟಿಗೆಗೆ ಹೋಗುತ್ತಿದ್ದವು. ಅದರಲ್ಲಿ ಸೂಸೆ ಕಂಪನಿಯ ಲಿನಕ್ಸ್ ಹಾಕಿದ್ದರೆ, ಆ ಕಾಲದ ಸೂಸೆ ತಾನಾಗಿಯೇ ಆಯ್ದುಕೊಳ್ಳುತ್ತಿದ್ದದ್ದು ರೈಸರ್‌ಎಫ್‌ಎಸ್. ಸಂಘದ ಸ್ಮರಣ ಸಂಚಿಕೆ, ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು ಎಲ್ಲವೂ ಅದರಲ್ಲೇ. ಇಂಥ ಡಿಸ್ಕುಗಳು ಇನ್ನೂ ಎಷ್ಟೋ ಕಪಾಟುಗಳಲ್ಲಿವೆ.

ಡೊಂಬಿವಲಿಯಲ್ಲಿ ಪ್ರೆಸ್ ನಡೆಸುವ ಕುಂದಾಪುರದ ಗೆಳೆಯರೊಬ್ಬರು ನೇರವಾಗಿ ಕೇಳಿದರು: “ಅಲ್ಲ ಮಾರಾಯ್ರೇ, ಅದು ಒಂದು ಮೂಲೆಯಲ್ಲಿ ಸುಮ್ನೆ ಬಿದ್ದಿತ್ತು. ಯಾರಿಗೆ ಏನು ತೊಂದರೆ ಕೊಡ್ತಾ ಇತ್ತು? ಕರ್ನಲ್ಲಿನಲ್ಲಿ ಒಟ್ಟು 4 ಕೋಟಿ ಸಾಲು ಕೋಡ್ ಇದೆ ಅಂತೀರಿ. ಅದರಲ್ಲಿ 32 ಸಾವಿರ ಒಂದು ಲೆಕ್ಕವಾ?”

ಕೇಳಲೇಬೇಕಾದ ಪ್ರಶ್ನೆ ಇದು. ಕೋಡ್ ಎಂದೂ ಸುಮ್ಮನೆ ಬಿದ್ದಿರುವುದಿಲ್ಲ, ಅದನ್ನು ಯಾರೋ ಒಬ್ಬರು ಪ್ರತಿ ವರ್ಷ ಹೊತ್ತುಕೊಂಡು ಹೋಗುತ್ತಿರುತ್ತಾರೆ. ಇದು ಹೇಗೆ ಎಂದು ಅರ್ಥವಾಗಬೇಕಾದರೆ ಕರ್ನಲ್ಲಿನ ಒಳಗೆ ಸ್ವಲ್ಪ ಇಳಿಯಬೇಕು.

ಡಿಸ್ಕಿಗೆ ಹೆಸರು ಗೊತ್ತಿಲ್ಲ

ಹಾರ್ಡ್‌ಡಿಸ್ಕಿಗೆ ಫೈಲ್ ಎಂದರೇನು ಎಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರು ಹಾಕಿದ ತುಂಡುಗಳು ಮಾತ್ರ. ಇಷ್ಟನೇ ತುಂಡು ಓದು, ಇಷ್ಟನೇ ತುಂಡಿನಲ್ಲಿ ಬರೆ ಎಂದರೆ ಮಾಡುತ್ತದೆ. ‘ಸಂಚಿಕೆ 2004’ ಎಂಬ ಫೋಲ್ಡರ್ ಯಾವ ತುಂಡಿನಲ್ಲಿದೆ, ಅದರೊಳಗಿನ ಫೈಲುಗಳ ಉದ್ದ ಎಷ್ಟು, ಯಾರು ಯಾವಾಗ ಬರೆದದ್ದು, ಯಾವ ಜಾಗ ಖಾಲಿ ಇದೆ, ಇದನ್ನೆಲ್ಲ ಗೊತ್ತುಮಾಡುವ ಏರ್ಪಾಡೇ ಫೈಲ್‌ಸಿಸ್ಟಂ.

ಇದಕ್ಕೆ ಎರಡು ಭಾಗ. ಒಂದು, ಡಿಸ್ಕಿನ ಮೇಲೆ ಮಾಹಿತಿ ಕೂತಿರುವ ರೀತಿ. ಇನ್ನೊಂದು, ಆ ರೀತಿಯನ್ನು ಬಲ್ಲ ಕೋಡ್. ಕರ್ನಲ್ಲಿನಿಂದ ಹೋದದ್ದು ಎರಡನೆಯದು. ನಿಮ್ಮ ಡಿಸ್ಕಿನ ಮೇಲಿರುವುದು ಇದ್ದ ಹಾಗೇ ಇದೆ, ಒಂದು ಅಕ್ಷರವೂ ಅಳಿಸಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಕೆಲವರು ಗಾಬರಿಯಲ್ಲಿ ಡಿಸ್ಕನ್ನೇ ಎಸೆಯಲು ಹೊರಟಿದ್ದರು. ದಯವಿಟ್ಟು ಹಾಗೆ ಮಾಡಬೇಡಿ.

ಲಿನಕ್ಸ್ ಶುರುವಾದಾಗ ಅದಕ್ಕೆ ಇದ್ದದ್ದು ಒಂದೇ ಫೈಲ್‌ಸಿಸ್ಟಂ, ಮಿನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನದು. ಅದರಲ್ಲಿ 64 ಎಂಬಿಗಿಂತ ದೊಡ್ಡ ಡಿಸ್ಕ್ ನಡೆಯುತ್ತಿರಲಿಲ್ಲ, ಫೈಲಿನ ಹೆಸರು 14 ಅಕ್ಷರ ದಾಟುವಂತಿರಲಿಲ್ಲ. 1992ರಲ್ಲಿ ರೆಮಿ ಕಾರ್ಡ್ ಅವರ ಎಕ್ಸ್‌ಟ್ ಬಂತು, 1993ರಲ್ಲಿ ಎಕ್ಸ್‌ಟ್2. ಒಂದಕ್ಕಿಂತ ಹೆಚ್ಚು ಫೈಲ್‌ಸಿಸ್ಟಂ ಬಂದ ಮೇಲೆ ಎಲ್ಲಕ್ಕೂ ಮೇಲೊಂದು ಸಾಮಾನ್ಯ ಪದರ ಬೇಕಾಯಿತು. ಅದೇ ವಿಎಫ್‌ಎಸ್. ನೀವು ಒಂದು ಫೈಲ್ ತೆರೆದಾಗ ಪ್ರೋಗ್ರಾಂ ಕೇಳುವುದು ವಿಎಫ್‌ಎಸ್ ಅನ್ನು. ವಿಎಫ್‌ಎಸ್ ಆ ಡಿಸ್ಕಿನ ಫೈಲ್‌ಸಿಸ್ಟಂ ಯಾವುದೆಂದು ನೋಡಿ ಅದರ ಕೋಡಿಗೆ ಕೆಲಸ ಒಪ್ಪಿಸುತ್ತದೆ. ಹಾಗಾಗಿ ಪೇಜ್‌ಮೇಕರ್ ಫೈಲಾಗಲಿ, ಮದುವೆಯ ವಿಡಿಯೋ ಆಗಲಿ, ಕೆಳಗೆ ಯಾವ ಫೈಲ್‌ಸಿಸ್ಟಂ ಇದೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅನುಕೂಲ ಬಂದದ್ದು ಈ ಪದರದಿಂದ. ಖರ್ಚು ಹುಟ್ಟುವುದೂ ಇಲ್ಲೇ.

ಮೇಲಿನದು ಬದಲಾದರೆ ಕೆಳಗಿನದೆಲ್ಲ ಬದಲಾಗಬೇಕು

ಲಿನಕ್ಸ್ ಹೊರಗಿನವರಿಗೆ ಒಂದು ಮಾತು ಕೊಟ್ಟಿದೆ. ಹಳೆಯ ಪ್ರೋಗ್ರಾಂ ಹೊಸ ಕರ್ನಲ್ಲಿನಲ್ಲೂ ಓಡಬೇಕು. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಈ ವಿಷಯದಲ್ಲಿ ಬಹಳ ಖಡಕ್. ಆದರೆ ಕರ್ನಲ್ಲಿನ ಒಳಗೆ ಅಂಥ ಮಾತು ಯಾರಿಗೂ ಕೊಟ್ಟಿಲ್ಲ. ಒಳಗಿನ ವ್ಯವಸ್ಥೆಯನ್ನು ಉತ್ತಮಗೊಳಿಸಲು ಯಾವಾಗ ಬೇಕಾದರೂ ಬದಲಾಯಿಸಬಹುದು. ಒಂದೇ ಷರತ್ತು: ಬದಲಾಯಿಸುವವರು ಅದನ್ನು ಬಳಸುವ ಕರ್ನಲ್ಲಿನ ಪ್ರತಿ ಮೂಲೆಯನ್ನೂ ತಾವೇ ಸರಿಮಾಡಿ ಕೊಡಬೇಕು.

ನಮ್ಮ ಹೌಸಿಂಗ್ ಸೊಸೈಟಿಗಳಲ್ಲಿ ವರ್ಷಗಟ್ಟಲೆ ಬೀಗ ಹಾಕಿದ ಒಂದು ಫ್ಲ್ಯಾಟ್ ಇರುತ್ತದೆ ಅಲ್ವಾ? ಅದರೊಳಗೆ ಯಾರೂ ಇಲ್ಲ, ಯಾರ ಜೊತೆಗೂ ಜಗಳ ಇಲ್ಲ. ಆದರೆ ಸೊಸೈಟಿಯವರು ಮೇಲಿಂದ ಕೆಳಗಿನವರೆಗೆ ನೀರಿನ ಪೈಪ್ ಬದಲಾಯಿಸಲು ಹೊರಟ ದಿನ ಆ ಫ್ಲ್ಯಾಟಿನ ಬೀಗ ತೆಗೆಸಲೇಬೇಕು, ಅಲ್ಲಿನ ಜಾಯಿಂಟನ್ನೂ ಬಿಚ್ಚಿ ಕಟ್ಟಲೇಬೇಕು. ಒಳಗೆ ನೀರು ಸೋರಿದರೆ ನೋಡಿ ಹೇಳುವವರೂ ಇಲ್ಲ. ಯಾರೂ ಬಳಸದ ಫೈಲ್‌ಸಿಸ್ಟಂ ಕರ್ನಲ್ಲಿನಲ್ಲಿ ಹೀಗೇ ಇರುತ್ತದೆ.

ನಿಜವಾದ ಉದಾಹರಣೆ ನೋಡಿ. ಕರ್ನಲ್ ಫೈಲುಗಳನ್ನು ಮೆಮೊರಿಯಲ್ಲಿ 4,096 ಬೈಟುಗಳ ಪೇಜುಗಳಾಗಿ ಇಟ್ಟುಕೊಳ್ಳುತ್ತಿತ್ತು. ಮೆಮೊರಿ ಕೆಲವೇ ಎಂಬಿ ಇದ್ದ ಕಾಲಕ್ಕೆ ಅದು ಸರಿ. ಈಗ ಸರ್ವರುಗಳಲ್ಲಿ ನೂರಾರು ಜಿಬಿ ಮೆಮೊರಿ ಇರುತ್ತದೆ, ಪೇಜುಗಳ ಲೆಕ್ಕ ಇಡುವುದೇ ಒಂದು ದೊಡ್ಡ ಕೆಲಸ. ಹಾಗಾಗಿ ಮ್ಯಾಥ್ಯೂ ವಿಲ್ಕಾಕ್ಸ್ ಎಂಬ ಡೆವಲಪರ್ ಪೇಜುಗಳನ್ನು ಗುಂಪಾಗಿ ಹಿಡಿಯುವ ‘ಫೋಲಿಯೊ’ ಎಂಬ ಹೊಸ ಕಟ್ಟನ್ನು ತಂದರು. 2022ರ ಜನವರಿಯಲ್ಲಿ 5.16ರೊಂದಿಗೆ ಅದು ಒಳಗೆ ಬಂತು. ಆದರೆ ಕರ್ನಲ್ಲಿನಲ್ಲಿದ್ದ ಪ್ರತಿಯೊಂದು ಫೈಲ್‌ಸಿಸ್ಟಂ ಪೇಜುಗಳ ಲೆಕ್ಕದಲ್ಲೇ ಬರೆದದ್ದು. ಈಗ ಹೆಚ್ಚು ಬಳಕೆಯಲ್ಲಿರುವ ಎಕ್ಸ್‌ಟ್4, ಎಕ್ಸ್‌ಎಫ್‌ಎಸ್‌ಗಳಿಗೆ ನೋಡಿಕೊಳ್ಳುವವರಿದ್ದಾರೆ, ಪರೀಕ್ಷೆ ಮಾಡುವ ಏರ್ಪಾಡಿದೆ. ಯಾರೂ ಬಳಸದ ಫೈಲ್‌ಸಿಸ್ಟಂಗಳನ್ನು ಬದಲಾಯಿಸಿದರೆ ಅದು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ನೋಡುವವರು ಯಾರು?

ಅದೇ 2022ರ ಫೆಬ್ರವರಿಯಲ್ಲಿ ವಿಲ್ಕಾಕ್ಸ್ ರೈಸರ್‌ಎಫ್‌ಎಸ್ ಅನ್ನು ತೆಗೆಯೋಣವೇ ಎಂದು ಸಹೋದ್ಯೋಗಿಗಳನ್ನು ಕೇಳಿದರು. ಅವರು ಕೊಟ್ಟ ಕಾರಣ ತೀರಾ ಸಣ್ಣದು, ಆದರೆ ಎಲ್ಲವನ್ನೂ ಬಿಡಿಸಿ ಹೇಳುವಂಥದ್ದು. ಫೈಲಿಗೆ ಬರೆಯುವ ಮೊದಲು ವಿಎಫ್‌ಎಸ್ ಪ್ರತಿ ಫೈಲ್‌ಸಿಸ್ಟಂ ಬಳಿ ಕರೆಯುವ ಒಂದು ಫಂಕ್ಷನ್ ಇದೆ. ಅದಕ್ಕೆ ‘ಫ್ಲ್ಯಾಗ್ಸ್’ ಎಂಬ ಒಂದು ಹೆಚ್ಚುವರಿ ಅಂಶವನ್ನು ಕಳಿಸಬೇಕಾಗಿತ್ತು. ಅದನ್ನು ತೆಗೆದು ಎಲ್ಲ ಫೈಲ್‌ಸಿಸ್ಟಂಗಳ ಕೋಡನ್ನೂ ಸರಳ ಮಾಡಬೇಕೆಂದು ಅವರ ಆಸೆ. ಆದರೆ ಅದರೊಳಗಿನ ಒಂದು ಫ್ಲ್ಯಾಗನ್ನು ಇನ್ನೂ ಬಳಸುತ್ತಿದ್ದದ್ದು ರೈಸರ್‌ಎಫ್‌ಎಸ್ ಮಾತ್ರ. ಒಂದು ಫೈಲ್‌ಸಿಸ್ಟಂಗಾಗಿ ಉಳಿದ ಎಲ್ಲವೂ ಆ ಹೊರೆ ಹೊರಬೇಕಿತ್ತು. 32 ಸಾವಿರ ಸಾಲು ಲೆಕ್ಕವಾ ಎಂದು ಕೇಳಿದರಲ್ಲ ಗೆಳೆಯರು, ಉತ್ತರ ಇಲ್ಲಿದೆ. ಎಷ್ಟು ಸಾಲು ಎನ್ನುವುದು ಮುಖ್ಯವಲ್ಲ, ಆ ಸಾಲುಗಳು ಇನ್ನು ಎಷ್ಟು ಕಡೆ ಕೈ ಕಟ್ಟಿಹಾಕುತ್ತವೆ ಎನ್ನುವುದು ಮುಖ್ಯ.

ಬಳಸದಿದ್ದರೂ ಅಪಾಯ

ಇನ್ನೊಂದು ಕಾರಣ ಸುರಕ್ಷತೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಕಾರಣ.

ಫೈಲ್‌ಸಿಸ್ಟಂ ಕೋಡ್ ಕರ್ನಲ್ಲಿನ ಒಳಗೆ ಪೂರ್ತಿ ಅಧಿಕಾರದೊಂದಿಗೆ ಓಡುತ್ತದೆ. ಅದು ಓದುವುದು ಡಿಸ್ಕಿನಿಂದ ಬಂದ ಬೈಟುಗಳನ್ನು. ಆ ಬೈಟುಗಳನ್ನು ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಬರೆದಿರಬಹುದು. ಈ ಫೈಲಿನ ಉದ್ದ ಇಷ್ಟು ಎಂದು ಡಿಸ್ಕ್ ಸುಳ್ಳು ಹೇಳಿದರೆ, ಅದನ್ನು ಪರೀಕ್ಷಿಸದೆ ನಂಬುವ ಕೋಡ್ ಮೆಮೊರಿಯ ಗಡಿ ದಾಟಿ ಬರೆಯುತ್ತದೆ. ಕರ್ನಲ್ಲಿನಲ್ಲಿ ಹಾಗಾದರೆ ಇಡೀ ಮಷೀನು ಇನ್ನೊಬ್ಬರ ಕೈಗೆ ಹೋದಂತೆ.

ನಾನು ರೈಸರ್‌ಎಫ್‌ಎಸ್ ಬಳಸುವುದೇ ಇಲ್ಲವಲ್ಲ ಎನ್ನಬಹುದು. ಆದರೆ ಎಷ್ಟೋ ಡೆಸ್ಕ್‌ಟಾಪುಗಳಲ್ಲಿ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರಲ್ಲಿ ಯಾವ ಫೈಲ್‌ಸಿಸ್ಟಂ ಇದೆಯೆಂದು ಹುಡುಕಿ, ಅದಕ್ಕೆ ಬೇಕಾದ ಕೋಡನ್ನು ತಾನೇ ಎಳೆದುಕೊಂಡು ಮೌಂಟ್ ಮಾಡುವ, ಅಂದರೆ ತೆರೆದು ಬಳಕೆಗೆ ಸಿದ್ಧ ಮಾಡುವ ವ್ಯವಸ್ಥೆ ಇರುತ್ತದೆ. ಅಂದರೆ ನೀವು ಜನ್ಮದಲ್ಲಿ ಬಳಸದ ಫೈಲ್‌ಸಿಸ್ಟಂ ಕೂಡ ಚುಚ್ಚಿದವರ ಇಷ್ಟದಂತೆ ನಿಮ್ಮ ಮಷೀನಿನಲ್ಲಿ ಓಡಬಹುದು. ಇದೇ ಕಾರಣಕ್ಕೆ ಕೆಲವು ಡಿಸ್ಟ್ರಿಬ್ಯೂಷನ್‌ಗಳು (ಬೇರೆ ಬೇರೆಯವರು ಕಟ್ಟಿಕೊಡುವ ಲಿನಕ್ಸ್‌ಗಳು) ಅಪರೂಪದ ಫೈಲ್‌ಸಿಸ್ಟಂಗಳು ತಾವಾಗಿಯೇ ಲೋಡ್ ಆಗದಂತೆ ಮೊದಲೇ ತಡೆದಿಡುತ್ತವೆ.

ಗೂಗಲ್‌ನ ಸಿಜ್‌ಬಾಟ್ ಎಂಬ ವ್ಯವಸ್ಥೆ ಹಗಲೂ ರಾತ್ರಿ ಕರ್ನಲ್ಲನ್ನು ಕೆಣಕುತ್ತಿರುತ್ತದೆ. ಬೇಕೆಂದೇ ಹಾಳು ಮಾಡಿದ ಡಿಸ್ಕ್ ಇಮೇಜುಗಳನ್ನು (ಇಡೀ ಡಿಸ್ಕಿನ ನಕಲಾದ ಫೈಲುಗಳನ್ನು) ಮೌಂಟ್ ಮಾಡಿಸಿ ಎಲ್ಲಿ ಕುಸಿಯುತ್ತದೆ ಎಂದು ವರದಿ ಕಳಿಸುತ್ತದೆ. ನೋಡಿಕೊಳ್ಳುವವರಿಲ್ಲದ ಫೈಲ್‌ಸಿಸ್ಟಂಗಳ ಮೇಲೆ ಇಂಥ ವರದಿಗಳು ರಾಶಿ ಬೀಳುತ್ತವೆ. ಓದಿ ಸರಿಮಾಡುವವರಿಲ್ಲ. ಬೀದಿಗೆ ತೆರೆದ ಬಾಗಿಲುಗಳ ಪಟ್ಟಿ ಎಲ್ಲರ ಕಣ್ಣೆದುರು ಇರುತ್ತದೆ, ಮುಚ್ಚುವ ಕೈ ಇರುವುದಿಲ್ಲ.

ಯಾರೂ ಬಳಸುತ್ತಿಲ್ಲ ಎಂದು ಗೊತ್ತಾಗುವುದು ಹೇಗೆ?

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಲಿನಕ್ಸ್ ಹಾಕಿಕೊಂಡವರ ಪಟ್ಟಿ ಯಾರ ಬಳಿಯೂ ಇಲ್ಲ. ಪ್ರೋಗ್ರಾಂ ಮುರಿಯಬಾರದು ಎಂಬ ನಿಯಮ ಬೇರೆ ಇದೆ. ಹಾಗಾಗಿ ತೆಗೆಯುವ ಮೊದಲು ಕೂಗಿ ಹೇಳಬೇಕು, ಕಾಯಬೇಕು.

ಕೆಲವೊಮ್ಮೆ ಸಾಕ್ಷಿ ಕೋಡಿನೊಳಗೇ ಸಿಗುತ್ತದೆ. ಸಿಸ್‌ವಿ ಎಂಬ ಫೈಲ್‌ಸಿಸ್ಟಂ ಕಥೆ ಕೇಳಿ. ಸಿಸ್ಟಂ ಫೈವ್, ಜೆನಿಕ್ಸ್ ಮೊದಲಾದ ಹಳೆಯ ಯುನಿಕ್ಸ್‌ಗಳ ಡಿಸ್ಕ್ ಓದುವುದು ಅದರ ಕೆಲಸ. 2002ರಲ್ಲಿ ಮಾಡಿದ ಒಂದು ಬದಲಾವಣೆಯಿಂದ ಅದರಲ್ಲಿ ದೊಡ್ಡ ತಪ್ಪೊಂದು ಸೇರಿಕೊಂಡಿತು. ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಕೋಡ್ ಹಾಕಿಕೊಳ್ಳುವ ಬೀಗಗಳಿರುತ್ತವೆ. ಅವುಗಳಲ್ಲಿ ಕಾಯುತ್ತ ಕೂರಬಾರದ ಬೀಗವೊಂದನ್ನು ಹಿಡಿದುಕೊಂಡೇ ಅದು ಡಿಸ್ಕ್ ಓದಲು ಹೊರಡುತ್ತಿತ್ತು. ಡಿಸ್ಕ್ ಎಂದರೆ ಕಾಯಲೇಬೇಕು. ಅದೂ ಅಪರೂಪಕ್ಕೆ ಓಡುವ ಜಾಗದಲ್ಲಲ್ಲ, ಪ್ರತಿ ಸಲ ಫೈಲ್ ಓದುವಾಗ, ಬರೆಯುವಾಗ ಹಾದುಹೋಗುವ ದಾರಿಯಲ್ಲೇ. 2023ರಲ್ಲಿ ಸಿಜ್‌ಬಾಟ್ ತೋರಿಸುವವರೆಗೆ ಒಬ್ಬರೂ ದೂರು ಕೊಡಲಿಲ್ಲ. ಇಪ್ಪತ್ತು ವರ್ಷ ಯಾರಿಗೂ ಕಾಣದ ತಪ್ಪು ಎಂದರೆ ಅಲ್ಲಿ ಬಳಸುವವರೇ ಇಲ್ಲ ಎಂದರ್ಥ. ಯಾನ್ ಕಾರಾ ಎಂಬ ಡೆವಲಪರ್ ಇದನ್ನೇ ಕಾರಣವಾಗಿ ಬರೆದು ಸಿಸ್‌ವಿಯನ್ನು ತೆಗೆದರು. 2025ರ ಮೇ ತಿಂಗಳಲ್ಲಿ ಬಂದ 6.15ರಲ್ಲಿ ಅದು ಇಲ್ಲ.

ರೈಸರ್‌ಎಫ್‌ಎಸ್‌ಗೆ ಇಷ್ಟು ಸುಲಭದ ಸಾಕ್ಷಿ ಇರಲಿಲ್ಲ. ಅದು ಒಂದು ಕಾಲದಲ್ಲಿ ಜನ ಇಷ್ಟಪಟ್ಟು ಬಳಸಿದ ಫೈಲ್‌ಸಿಸ್ಟಂ. ಅದಕ್ಕೆ ಸಲ್ಲಬೇಕಾದ ಗೌರವವನ್ನು ಕೊಟ್ಟೇ ಮುಂದೆ ಹೋಗಬೇಕು.

2001ರಲ್ಲಿ 2.4.1ರೊಂದಿಗೆ ಒಳಗೆ ಬಂದಾಗ ಅದು ಮುಖ್ಯ ಕರ್ನಲ್ಲಿಗೆ ಸೇರಿದ ಮೊದಲ ಜರ್ನಲಿಂಗ್ ಫೈಲ್‌ಸಿಸ್ಟಂ. ಡಿಸ್ಕಿನ ಏರ್ಪಾಡಿನಲ್ಲಿ ಏನು ಬದಲಾಯಿಸಲಿದ್ದೇನೆ ಎಂದು ಮೊದಲೇ ಒಂದು ಕಡೆ ಬರೆದಿಟ್ಟುಕೊಂಡು ಆಮೇಲೆ ಬದಲಾಯಿಸುವುದಕ್ಕೆ ಜರ್ನಲಿಂಗ್ ಎನ್ನುತ್ತಾರೆ. ನಡುವೆ ಕರೆಂಟ್ ಹೋದರೆ ಆ ಟಿಪ್ಪಣಿ ನೋಡಿ ಕೆಲವೇ ಕ್ಷಣದಲ್ಲಿ ಸರಿಹೋಗುತ್ತದೆ. ಎಕ್ಸ್‌ಟ್2ನಲ್ಲಿ ಇದು ಇರಲಿಲ್ಲ. ಕರೆಂಟ್ ಹೋಗಿ ಬಂದರೆ ಇಡೀ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಪರೀಕ್ಷಿಸಬೇಕು, ಡಿಸ್ಕ್ ದೊಡ್ಡದಾದರೆ ಗಂಟೆಗಟ್ಟಲೆ. ಆ ವರ್ಷಗಳಲ್ಲಿ ಕಲ್ಯಾಣ, ಡೊಂಬಿವಲಿ ಕಡೆ ಲೋಡ್‌ಶೆಡ್ಡಿಂಗ್ ಹೇಗಿತ್ತು ಎಂದು ಅಲ್ಲಿದ್ದವರಿಗೆ ಬೇರೆ ಹೇಳಬೇಕಿಲ್ಲ. ಸಣ್ಣ ಪ್ರೆಸ್ಸುಗಳಿಗೆ ರೈಸರ್‌ಎಫ್‌ಎಸ್ ಎಂದರೆ ನೆಮ್ಮದಿ.

ಅದರ ಇನ್ನೊಂದು ಜಾಣತನ ಸಣ್ಣ ಫೈಲುಗಳ ವಿಷಯದಲ್ಲಿ. ಸಾಮಾನ್ಯವಾಗಿ 100 ಬೈಟಿನ ಫೈಲ್ ಕೂಡ ಡಿಸ್ಕಿನಲ್ಲಿ ಒಂದು ಪೂರ್ತಿ ತುಂಡನ್ನು ಹಿಡಿಯುತ್ತದೆ. ರೈಸರ್‌ಎಫ್‌ಎಸ್ ಇಂಥ ಚೂರುಗಳನ್ನು ಒಂದೇ ತುಂಡಿನಲ್ಲಿ ಸೇರಿಸಿ ಇಡುತ್ತಿತ್ತು. ಫೋಲ್ಡರು, ಫೈಲು, ಚೂರು ಎಲ್ಲವೂ ಒಂದೇ ದೊಡ್ಡ ಮರದಂಥ ರಚನೆಯಲ್ಲಿ. ಲಕ್ಷಗಟ್ಟಲೆ ಸಣ್ಣ ಫೈಲುಗಳಿರುವ ಕಡೆ ಇದು ಬಹಳ ಚುರುಕು.

ದೋಷಗಳೂ ಇದ್ದವು. ಆ ಮರ ಕೆಟ್ಟರೆ ದುರಸ್ತಿ ಕಷ್ಟ. ದುರಸ್ತಿಯ ಪ್ರೋಗ್ರಾಂ ಡಿಸ್ಕಿನ ಉದ್ದಕ್ಕೂ ಮರದ ತುಂಡಿನಂತೆ ಕಾಣುವುದನ್ನೆಲ್ಲ ಹುಡುಕಿ ಮತ್ತೆ ಜೋಡಿಸುತ್ತಿತ್ತು. ನೀವು ಇನ್ನೊಂದು ರೈಸರ್‌ಎಫ್‌ಎಸ್ ಡಿಸ್ಕಿನ ಇಮೇಜನ್ನು ಅದರೊಳಗೆ ಫೈಲಾಗಿ ಇಟ್ಟಿದ್ದರೆ, ಎರಡರ ತುಂಡುಗಳೂ ಕಲಸಿ ಹೋಗುವ ಸಾಧ್ಯತೆ ಇತ್ತು. ಜೊತೆಗೆ, ಅದನ್ನು ಕಟ್ಟಿದ ಹಾನ್ಸ್ ರೈಸರ್ ಮತ್ತು ಅವರ ಕಂಪನಿ ನೇಮ್‌ಸಿಸ್‌ನ ಗಮನ ಮುಂದಿನ ರೈಸರ್4 ಕಡೆ ಹೋಗಿತ್ತು. 2006ರ ಸೆಪ್ಟೆಂಬರ್‌ನಲ್ಲಿ ಸೂಸೆಯೊಳಗೇ ಇದನ್ನು ಬಿಟ್ಟು ಎಕ್ಸ್‌ಟ್3ಕ್ಕೆ ಹೋಗೋಣ ಎಂಬ ಮಾತು ಬಂತು. ಆ ವರ್ಷದ ಕೊನೆಗೆ ಬಂದ ಓಪನ್‌ಸೂಸೆ 10.2 ಹಾಗೇ ಮಾಡಿತು.

ಇಲ್ಲೊಂದು ತಪ್ಪು ತಿಳುವಳಿಕೆ ಹರಡಿದೆ. ಹಾನ್ಸ್ ರೈಸರ್ 2006ರ ಅಕ್ಟೋಬರ್‌ನಲ್ಲಿ ಪತ್ನಿ ನೀನಾ ಅವರ ಕೊಲೆಯ ಆರೋಪದಲ್ಲಿ ಬಂಧನಕ್ಕೊಳಗಾದರು, 2008ರಲ್ಲಿ ಅಪರಾಧ ಸಾಬೀತಾಯಿತು. ಫೈಲ್‌ಸಿಸ್ಟಂ ತೆಗೆದದ್ದು ಇದಕ್ಕೇ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಸೂಸೆಯ ಮಾತುಕತೆ ಬಂಧನಕ್ಕಿಂತ ಮೊದಲಿನದು. ಶಿಕ್ಷೆಯಾದ ಮೇಲೂ ಹದಿನಾರು ವರ್ಷ ಆ ಕೋಡ್ ಕರ್ನಲ್ಲಿನಲ್ಲಿತ್ತು, ಬೇರೆಯವರು ಅದನ್ನು ಸರಿಮಾಡುತ್ತಲೇ ಇದ್ದರು.

ಮತ್ತೆ 2022ಕ್ಕೆ ಬರೋಣ. ವಿಲ್ಕಾಕ್ಸ್ ಕೇಳಿದಾಗ, ನಾವು ಇನ್ನೂ ಬಳಸುತ್ತಿದ್ದೇವೆ, ಸ್ವಲ್ಪ ಸಮಯ ಕೊಡಿ ಎಂದವರೂ ಇದ್ದರು. ಅವರ ಮಾತಿಗೆ ಬೆಲೆ ಸಿಕ್ಕಿತು. ಕೊನೆಗೆ 2025 ಎಂದು ಗಡುವು ಇಟ್ಟರು. 5.18ರಿಂದ ಮುಂದಿನ ಕರ್ನಲ್ಲುಗಳಲ್ಲಿ ರೈಸರ್‌ಎಫ್‌ಎಸ್ ಡಿಸ್ಕ್ ಮೌಂಟ್ ಮಾಡಿದರೆ, ಇದು 2025ರಲ್ಲಿ ಹೋಗಲಿದೆ ಎಂಬ ಎಚ್ಚರಿಕೆ ಲಾಗಿನಲ್ಲಿ ಬರುತ್ತಿತ್ತು. 2023ರ 6.6ರಲ್ಲಿ, ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದಿಡುವ ಮೇಂಟೇನರ್ಸ್ ಫೈಲಿನಲ್ಲಿ ಅದರ ಸ್ಥಿತಿ ‘ಆಬ್ಸಲೀಟ್’, ಅಂದರೆ ಬಳಕೆ ತಪ್ಪಿದ್ದು, ಎಂದಾಯಿತು. ಆಮೇಲೆ 6.13ಕ್ಕೆ ಯಾನ್ ಕಾರಾ ಅವರೇ ಪೂರ್ತಿ ತೆಗೆದರು. ಅವರು ಕೆಲಸ ಮಾಡುವುದು ಸೂಸೆಯಲ್ಲಿ ಎಂಬುದನ್ನು ಗಮನಿಸಿ. ಒಂದು ಕಾಲಕ್ಕೆ ಇದನ್ನು ಮನೆಮನೆಗೆ ತಲುಪಿಸಿದ ಕಂಪನಿಯವರೇ ಕೊನೆಯವರೆಗೂ ಜವಾಬ್ದಾರಿ ಹೊತ್ತರು. ಇದು ನನಗೆ ತುಂಬ ಹಿಡಿಸಿದ ಸಂಗತಿ.

ತೆಗೆದ ಮೇಲೆ ಏನಾಗುತ್ತದೆ

ಎಲ್ಲ ತೆಗೆಯುವಿಕೆಯೂ ಒಂದೇ ಥರ ಅಲ್ಲ. 2015ರ 4.3ರಲ್ಲಿ ಎಕ್ಸ್‌ಟ್3 ಕೋಡ್ ಹೋಯಿತು, ಆದರೆ ಎಕ್ಸ್‌ಟ್3 ಡಿಸ್ಕ್ ಇದ್ದವರಿಗೆ ಏನೂ ಆಗಲಿಲ್ಲ. ಎಕ್ಸ್‌ಟ್4ರ ಕೋಡ್ ಹಳೆಯದನ್ನೂ ಓದುತ್ತದೆ. 2024ರ 6.9ರಲ್ಲಿ ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕ್ ಓದುವ ಹಳೆಯ ಡ್ರೈವರ್ (ಕರ್ನಲ್ಲಿನ ಕೋಡ್) ಹೋದಾಗಲೂ, 2021ರಲ್ಲೇ ಸೇರಿದ್ದ ಎನ್‌ಟಿಎಫ್‌ಎಸ್3 ಆ ಕೆಲಸಕ್ಕೆ ಸಿದ್ಧವಿತ್ತು. ರೈಸರ್‌ಎಫ್‌ಎಸ್ ಡಿಸ್ಕನ್ನು ಓದುವ ಬೇರೆ ಕೋಡ್ ಕರ್ನಲ್ಲಿನಲ್ಲಿ ಇಲ್ಲ. ಕಷ್ಟ ಇರುವುದು ಇಲ್ಲೇ. ಇನ್ನು 6.18ರಲ್ಲಿ ಬಿಕ್ಯಾಶ್‌ಎಫ್‌ಎಸ್ ಹೋದದ್ದನ್ನು ಈ ಸಾಲಿಗೆ ಸೇರಿಸಬೇಡಿ. ಅದು ಹೊಸ ಫೈಲ್‌ಸಿಸ್ಟಂ, ಡೆವಲಪರುಗಳ ನಡುವಿನ ಕೆಲಸದ ರೀತಿಯ ತಕರಾರಿನಿಂದ ಹೊರಗೆ ಹೋಯಿತು.

ಹಳೆಯದೆಲ್ಲ ಹೋಗಲೇಬೇಕು ಎಂಬ ನಿಯಮವೂ ಇಲ್ಲ. ಆಪಲ್‌ನ ಹಳೆಯ ಎಚ್‌ಎಫ್‌ಎಸ್, ಎಚ್‌ಎಫ್‌ಎಸ್ ಪ್ಲಸ್ ಬಹಳ ಕಾಲ ಅನಾಥವಾಗಿದ್ದವು. 2025ರಲ್ಲಿ ಕೆಲವರು ಮುಂದೆ ಬಂದು ಹೊಣೆ ಹೊತ್ತರು, ಅವು ಉಳಿದವು. ಪುಣೆಯವರಿಗೆ ಹತ್ತಿರದ ಉದಾಹರಣೆಯೂ ಇದೆ. ವೆರಿಟಾಸ್ ಕಂಪನಿಯ ಪುಣೆ ಆಫೀಸಿನಲ್ಲಿ ಸ್ಟೋರೇಜ್ ಕೆಲಸ ಮಾಡಿದ ಕನ್ನಡಿಗರು ಇಲ್ಲಿ ಸಾಕಷ್ಟಿದ್ದಾರೆ. ಆ ಕಂಪನಿಯ ವಿಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ ಅನ್ನು ಓದಲು ಮಾತ್ರ ಬಲ್ಲ ಪುಟ್ಟ ಡ್ರೈವರ್ ಒಂದು, ಫ್ರೀವಿಎಕ್ಸ್‌ಎಫ್‌ಎಸ್, ಕರ್ನಲ್ಲಿನಲ್ಲಿದೆ. ಓದಲು ಮಾತ್ರ ಇರುವ ಕೋಡ್ ಸಣ್ಣದು, ಅದನ್ನು ಹೊತ್ತುಕೊಂಡು ಹೋಗುವುದೂ ಹಗುರ.

ತೆಗೆದ ಕೋಡ್ ಲೋಕದಿಂದ ಮಾಯವಾಗುವುದಿಲ್ಲ. ಓಪನ್ ಸೋರ್ಸ್ ಆದ್ದರಿಂದ, ಕೋಡಿನ ಹಳೆಯ ಆವೃತ್ತಿಗಳನ್ನೆಲ್ಲ ಕಾಪಿಡುವ ಗಿಟ್‌ನಲ್ಲಿ ಹಳೆಯ ಸಾಲುಗಳೆಲ್ಲ ಹಾಗೇ ಇವೆ. 2024ರ ನವೆಂಬರ್‌ನಲ್ಲಿ ಬಂದ 6.12 ರೈಸರ್‌ಎಫ್‌ಎಸ್ ಇದ್ದ ಕೊನೆಯ ಕರ್ನಲ್. ಅದು ವರ್ಷಗಟ್ಟಲೆ ದುರಸ್ತಿ ಸಿಗುವ ದೀರ್ಘಾವಧಿ ಕರ್ನಲ್ ಕೂಡ ಹೌದು. ಆದರೆ ಆ ಕೋಡನ್ನು ತೆಗೆದು ಮುಂದಿನ ಕರ್ನಲ್ಲಿಗೆ ಅಂಟಿಸುತ್ತೇನೆ ಎಂದರೆ ಪ್ರತಿ ಬಿಡುಗಡೆಗೂ ಕಷ್ಟ ಹೆಚ್ಚುತ್ತ ಹೋಗುತ್ತದೆ. ಇನ್ನೊಂದು ದಾರಿ, 2005ರಿಂದ ಇರುವ ಫ್ಯೂಸ್. ಅದರಲ್ಲಿ ಫೈಲ್‌ಸಿಸ್ಟಂ ಕೋಡ್ ಕರ್ನಲ್ಲಿನ ಹೊರಗೆ ಸಾಮಾನ್ಯ ಪ್ರೋಗ್ರಾಮಿನಂತೆ ಓಡುತ್ತದೆ. ಸ್ವಲ್ಪ ನಿಧಾನ, ಆದರೆ ಅದು ಕುಸಿದರೆ ಅದೊಂದೇ ಕುಸಿಯುತ್ತದೆ, ಮಷೀನು ಅಲ್ಲ. ಹಳೆಯ ಡಿಸ್ಕುಗಳನ್ನು ಓದುವ ಕೋಡಿಗೆ ಮುಂದೆ ಸರಿಯಾದ ಜಾಗ ಅದೇ ಎಂದು ನನಗನ್ನಿಸುತ್ತದೆ.

ನಿಮ್ಮ ಕಪಾಟಿನಲ್ಲಿ ಇಂಥ ಡಿಸ್ಕ್ ಇದ್ದರೆ

ಮೊದಲು ಡಿಸ್ಕನ್ನು ಜೋಡಿಸುವ ವ್ಯವಸ್ಥೆ ಮಾಡಿ. ಆ ಕಾಲದವು ಹೆಚ್ಚಾಗಿ ಅಗಲ ಕೇಬಲ್ಲಿನ ಐಡಿಇ ಡಿಸ್ಕುಗಳು. ಯುಎಸ್‌ಬಿಗೆ ಹಾಕುವ ಅಡಾಪ್ಟರನ್ನು ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ವಿಚಾರಿಸಿ. ಡಿಸ್ಕಿಗೆ ಬೇರೆಯಾಗಿ ಪವರ್ ಕೊಡುವಂಥದ್ದನ್ನೇ ತೆಗೆದುಕೊಳ್ಳಿ.

ಜೋಡಿಸಿದ ಕೂಡಲೇ ಮೌಂಟ್ ಮಾಡಬೇಡಿ. ಲಿನಕ್ಸಿನಲ್ಲಿ ಎಲ್‌ಎಸ್‌ಬಿಎಲ್‌ಕೆ ಕಮಾಂಡಿಗೆ ಮೈನಸ್ ಎಫ್ ಸೇರಿಸಿದರೆ (lsblk -f) ಪ್ರತಿ ಡಿಸ್ಕಿನ ಫೈಲ್‌ಸಿಸ್ಟಂ ಯಾವುದೆಂದು ತೋರಿಸುತ್ತದೆ. ಹೆಸರು ಹೇಳುವುದಕ್ಕೆ ಕರ್ನಲ್ಲಿನ ಡ್ರೈವರ್ ಬೇಕಿಲ್ಲ, ಹಾಗಾಗಿ ಹೊಸ ಮಷೀನಿನಲ್ಲೂ ನೋಡಬಹುದು. ರೈಸರ್‌ಎಫ್‌ಎಸ್ ಎಂದು ಬಂದರೆ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ನಕಲನ್ನು ಒಂದು ದೊಡ್ಡ ಇಮೇಜ್ ಫೈಲಾಗಿ ಇಳಿಸಿಕೊಳ್ಳಿ. ಹಳೆಯ ಡಿಸ್ಕಿನಲ್ಲಿ ಓದಲಾಗದ ಜಾಗಗಳಿರುತ್ತವೆ. ಈ ಪ್ರೋಗ್ರಾಂ ಸುಲಭವಾಗಿ ಸಿಗುವುದನ್ನು ಮೊದಲು ಎತ್ತಿಕೊಂಡು ಕೆಟ್ಟ ಜಾಗಗಳನ್ನು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ, ಮೂಲ ಡಿಸ್ಕಿನ ಮೇಲಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೊನೆಯ ಸಲ ಸರಿಯಾಗಿ ಶಟ್‌ಡೌನ್ ಆಗದ ಡಿಸ್ಕಿನಲ್ಲಿ ಜರ್ನಲ್ ಬಾಕಿ ಇರುತ್ತದೆ. ಓದಲು ಮಾತ್ರ ಎಂದು ಹೇಳಿ ಮೌಂಟ್ ಮಾಡಿದರೂ ಆ ಬಾಕಿಯನ್ನು ತೀರಿಸಲು ಕೋಡ್ ಡಿಸ್ಕಿಗೆ ಬರೆಯಬಹುದು. ಸಾಯುವ ಹಂತದ ಡಿಸ್ಕಿಗೆ ಅದು ಒಳ್ಳೆಯದಲ್ಲ.

ಆಮೇಲೆ 6.12 ಅಥವಾ ಅದಕ್ಕಿಂತ ಹಳೆಯ ಕರ್ನಲ್ ಇರುವ, ರೈಸರ್‌ಎಫ್‌ಎಸ್ ಸೇರಿಸಿ ಕಟ್ಟಿದ ಯಾವುದಾದರೂ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ಓಡಿಸಬಹುದಾದದ್ದು) ಇಳಿಸಿಕೊಳ್ಳಿ. ಅದನ್ನು ವರ್ಚುವಲ್ ಮಷೀನಿನಲ್ಲಿ (ನಿಮ್ಮ ಕಂಪ್ಯೂಟರಿನೊಳಗೇ ಪ್ರೋಗ್ರಾಮಿನಂತೆ ಓಡುವ ಇನ್ನೊಂದು ಕಂಪ್ಯೂಟರಿನಲ್ಲಿ), ಇಂಟರ್ನೆಟ್ ಕೊಡದೆ ಓಡಿಸಿ. ಇಮೇಜನ್ನು ಎರಡನೇ ಡಿಸ್ಕಾಗಿ ಜೋಡಿಸಿ, ಮೌಂಟ್ ಮಾಡಿ, ತಾರೀಖು ಕೆಡದಂತೆ ಆರ್‌ಸಿಂಕ್ ಎಂಬ ನಕಲು ಮಾಡುವ ಪ್ರೋಗ್ರಾಮಿನಿಂದ ಎಕ್ಸ್‌ಟ್4 ಡಿಸ್ಕಿಗೆ ನಕಲು ಮಾಡಿ. ಡೊಂಬಿವಲಿಯ ಪ್ರೆಸ್ಸಿನ ಸಂಚಿಕೆಗಳನ್ನು ಹೀಗೇ ಹೊರಗೆ ತಂದದ್ದು. ಪೇಜ್‌ಮೇಕರ್ ಫೈಲುಗಳೊಳಗಿನ ಶ್ರೀಲಿಪಿ ಅಕ್ಷರಗಳನ್ನು ಯೂನಿಕೋಡಿಗೆ ತರುವುದು ಬೇರೆಯೇ ಕೆಲಸ, ಅದು ನಡೆಯುತ್ತಿದೆ.

ರೈಸರ್‌ಎಫ್‌ಎಸ್ ಇಲ್ಲದವರೂ ಒಂದು ವಿಷಯ ನೋಡಿಕೊಳ್ಳಬೇಕು. 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, 32 ಬಿಟ್‌ಗಳಲ್ಲಿ ಸಮಯ ಬರೆದಿಡುವ ಹಳೆಯ ಲೆಕ್ಕ ತುಂಬಿಹೋಗುತ್ತದೆ. ಎಕ್ಸ್‌ಟ್2 ಡ್ರೈವರಿನ ಲೆಕ್ಕ ಹಾಗೆಯೇ ಇದೆ, 2024ರಲ್ಲಿ ಅದಕ್ಕೂ ಎಚ್ಚರಿಕೆಯ ಗುರುತು ಬಿದ್ದಿದೆ. ಎಕ್ಸ್‌ಎಫ್‌ಎಸ್‌ನ ಹಳೆಯ ನಾಲ್ಕನೇ ಆವೃತ್ತಿಯದೂ ಅದೇ ಕಥೆ. 2030ರ ಸೆಪ್ಟೆಂಬರ್‌ಗೆ ಅದನ್ನು ತೆಗೆಯುತ್ತೇವೆ ಎಂದು ಕರ್ನಲ್ಲಿನ ದಾಖಲೆಯಲ್ಲೇ ಬರೆದಿದ್ದಾರೆ. ಸೆಂಟ್‌ಓಎಸ್ 7 ಎಂಬ ಡಿಸ್ಟ್ರಿಬ್ಯೂಷನ್‌ನ ಮೊದಲ ವರ್ಷಗಳಲ್ಲಿ ಫಾರ್ಮ್ಯಾಟ್ ಮಾಡಿದ ಸರ್ವರುಗಳು ಪುಣೆ, ಮುಂಬೈ ಆಫೀಸುಗಳಲ್ಲಿ ಇನ್ನೂ ಓಡುತ್ತಿವೆ, ಅವುಗಳಲ್ಲಿ ಈ ಆವೃತ್ತಿ ಇರಬಹುದು. ಎಕ್ಸ್‌ಎಫ್‌ಎಸ್ ಇನ್ಫೋ (xfs_info) ಕಮಾಂಡ್ ಕೊಟ್ಟು ಸಿಆರ್‌ಸಿ ಎಂಬಲ್ಲಿ 0 ಇದೆಯೋ 1 ಇದೆಯೋ ನೋಡಿ. 0 ಇದ್ದರೆ ಹಳೆಯದು. ಇದ್ದಲ್ಲೇ ಹೊಸ ಆವೃತ್ತಿಗೆ ಬದಲಾಯಿಸಲು ಬರುವುದಿಲ್ಲ. ಬೇರೆ ಡಿಸ್ಕಿಗೆ ನಕಲು ಮಾಡಿ, ಹೊಸದಾಗಿ ಫಾರ್ಮ್ಯಾಟ್ ಮಾಡಿ, ವಾಪಸ್ ತರಬೇಕು. ಮುಂದಿನ ಸಲ ಆ ಸರ್ವರಿನ ಡಿಸ್ಕ್ ಬದಲಾಯಿಸುವಾಗಲೇ ಇದನ್ನೂ ಮುಗಿಸಿಬಿಡಿ.